ಝೋನ್ ಒಳಗೆ ಕೋಳಿ ಇಲ್ಲ

2025ರ ಜನವರಿ 23ರಿಂದ ಫೆಬ್ರುವರಿ 17ರ ತನಕ ಯಲಹಂಕದ ಹುಡುಗರಿಗೆ ಕೋಳಿ ಸಿಗುತ್ತಿದ್ದದ್ದು ಮೊಬೈಲ್ ಪರದೆಯ ಮೇಲೆ ಮಾತ್ರ. ಫೆಬ್ರುವರಿ 10ರಿಂದ 14ರವರೆಗೆ ಏರೋ ಇಂಡಿಯಾ ಇತ್ತು. ಅದಕ್ಕಾಗಿ ವಾಯುನೆಲೆಯ ಸುತ್ತ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಂಸದಂಗಡಿ ತೆರೆಯುವ ಹಾಗಿಲ್ಲ, ಹೋಟೆಲುಗಳಲ್ಲಿ ಮಾಂಸದಡುಗೆ ಬಡಿಸುವ ಹಾಗಿಲ್ಲ ಎಂದು ಆಗಿನ ಬಿಬಿಎಂಪಿ ಆದೇಶ ಹೊರಡಿಸಿತ್ತು. ಮಾಂಸದ ಕಸ ಬಿದ್ದ ಕಡೆ ಹದ್ದುಗಳು ಸುತ್ತುತ್ತವೆ. ಹದ್ದು ಸುತ್ತುವ ಆಕಾಶದಲ್ಲೇ ಯುದ್ಧವಿಮಾನಗಳು ಲಾಗ ಹಾಕಬೇಕು. ಎಂಜಿನ್ನಿಗೆ ಒಂದು ಹಕ್ಕಿ ಸಿಕ್ಕರೂ ಅನಾಹುತ. ವಿಮಾನ ನಿಲ್ದಾಣದ ಸುತ್ತಮುತ್ತ ಪ್ರಾಣಿ ಕಡಿಯುವುದನ್ನೂ ಹಕ್ಕಿ ಸೆಳೆಯುವ ಕಸ ಎಸೆಯುವುದನ್ನೂ ತಡೆಯುವ ನಿಯಮ 1937ರ ವಿಮಾನ ನಿಯಮಾವಳಿಯಲ್ಲೇ ಇದೆ, 91ನೇ ನಿಯಮ. ಆದೇಶದಲ್ಲಿ ಅದರ ಹೆಸರೂ ಬಂದಿತ್ತು.

ಇದನ್ನೆಲ್ಲ ಓದಿ ಹಿರಿಯರು ಗೊಣಗಿದರು, ಅಂಗಡಿಯವರು ಲೆಕ್ಕ ಹಾಕಿಕೊಂಡರು. ಬಿಜಿಎಂಐ ಎಂಬ ಮೊಬೈಲ್ ಆಟ ಆಡುವ ಹುಡುಗರಿಗೆ ಮಾತ್ರ ಇದು ಎಲ್ಲೋ ನೋಡಿದ ಹಾಗಿತ್ತು. ನಕ್ಷೆಯ ಮೇಲೊಂದು ವೃತ್ತ, ಅದರ ಗೆರೆ, ಗೆರೆಯ ಒಳಗಿದ್ದವರಿಗೊಂದು ಗತಿ, ಹೊರಗಿದ್ದವರಿಗೊಂದು ಗತಿ: ದಿನಾ ರಾತ್ರಿ ಅವರು ಆಡುವುದೇ ಇದನ್ನು. ಒಂದೇ ವ್ಯತ್ಯಾಸ. ಆಟದಲ್ಲಿ ಗೆರೆಯ ಹೊರಗಿದ್ದವನು ಸಾಯುತ್ತಾನೆ, ಇಲ್ಲಿ ಗೆರೆಯ ಒಳಗಿದ್ದವನು ಬೇಳೆಸಾರು ಉಣ್ಣುತ್ತಾನೆ.

ಆ ವೃತ್ತವನ್ನು ನಕ್ಷೆಯಲ್ಲಿ ಎಳೆದು ನೋಡುವುದು ಮೋಜಿನ ಕೆಲಸ. ವಾಯುನೆಲೆಯಿಂದ ಹೆಬ್ಬಾಳಕ್ಕೆ ನೇರ ಗೆರೆಯಲ್ಲಿ ಸುಮಾರು 11 ಕಿಲೋಮೀಟರ್. 2023ರ ಪ್ರದರ್ಶನಕ್ಕೆ ನಿಷೇಧ 10 ಕಿಲೋಮೀಟರಿಗೆ ಮಾತ್ರ ಇತ್ತು, ಹೆಬ್ಬಾಳದ ಮೇಲ್ಸೇತುವೆ ಬಚಾವಾಗಿತ್ತು. 2025ರಲ್ಲಿ ಝೋನ್ ಹಿಗ್ಗಿತು, ಹೆಬ್ಬಾಳ ಒಳಗೆ ಬಿತ್ತು. ಆರ್.ಟಿ. ನಗರ ಹೆಚ್ಚುಕಡಿಮೆ ಗೆರೆಯ ಮೇಲೇ ಕೂತಿದೆ. ಅಲ್ಲಿ ಒಂದು ಬೀದಿಯ ಬಿರಿಯಾನಿಗೂ ಪಕ್ಕದ ಬೀದಿಯ ಬಿರಿಯಾನಿಗೂ ಕಾನೂನೇ ಬೇರೆ ಎಂದು ತಮಾಷೆ ಮಾಡಲು ಇಷ್ಟು ಸಾಕು. ಯಶವಂತಪುರ ಜಂಕ್ಷನ್ 14 ಕಿಲೋಮೀಟರಿಗೆ ಹತ್ತಿರ, ಗೆರೆಯಾಚೆ. ಹೀಗಾಗಿ ಆ ನಾಲ್ಕು ವಾರ ಉತ್ತರ ಬೆಂಗಳೂರಿನ ಸ್ಕ್ವಾಡ್‌ಗಳಲ್ಲಿ ಯಶವಂತಪುರದವನೇ ರಾಜ. ‘ನೀನು ಝೋನ್ ಹೊರಗಿದ್ದೀಯ ಮಗಾ, ಲೂಟ್ ತಗೊಂಡು ಬಾ’ ಎಂದರೆ ಕಬಾಬ್ ಪಾರ್ಸೆಲ್ ಎಂದೇ ಅರ್ಥ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುತ್ತಾರೆ. ಮನೆಮನೆ ನುಗ್ಗಿ ಬಂದೂಕು, ಮದ್ದು, ಬ್ಯಾಂಡೇಜು ಬಾಚಿಕೊಳ್ಳುತ್ತಾರೆ. ವೃತ್ತ ಕುಗ್ಗುತ್ತ ಬರುತ್ತದೆ, ಕೊನೆಗೆ ಉಳಿದ ತಂಡ ಗೆದ್ದಂತೆ. ನಾಲ್ಕು ಜನ ಸೇರಿದರೆ ಸ್ಕ್ವಾಡ್. ಗೆದ್ದವರ ಪರದೆಯ ಮೇಲೆ ಮೂಡುವ ಸಾಲು ‘ವಿನ್ನರ್ ವಿನ್ನರ್ ಚಿಕನ್ ಡಿನ್ನರ್’. ರಣರಂಗ ಗೆದ್ದವನಿಗೆ ಪದಕ ಕೊಡುವುದಿಲ್ಲ, ರಾಜ್ಯ ಕೊಡುವುದಿಲ್ಲ, ಕೋಳಿಯೂಟ ಹಾಕುತ್ತಾರೆ. ಇದು ಅಮೆರಿಕದ ಜೂಜುಕಟ್ಟೆಗಳ ಹಳೆಯ ಮಾತು. ಒಂದು ಬಾಜಿ ಗೆದ್ದರೆ ಆ ರಾತ್ರಿಯ ಕೋಳಿಯೂಟದ ಖರ್ಚು ಹುಟ್ಟುತ್ತಿತ್ತು ಎಂದು ಕಥೆ ಹೇಳುತ್ತಾರೆ. ಐರ್ಲೆಂಡಿನ ಬ್ರೆಂಡನ್ ಗ್ರೀನ್ ರೂಪಿಸಿದ ಈ ಆಟ ಪಬ್‌ಜಿ ಎಂಬ ಹೆಸರಿನಲ್ಲಿ 2017ರಲ್ಲಿ ಕಂಪ್ಯೂಟರಿಗೆ, 2018ರಲ್ಲಿ ಮೊಬೈಲಿಗೆ ಬಂದಾಗ ಆ ಮಾತು ಊರೂರು ಸುತ್ತಿತು. ಕೊರಿಯಾದವರು ಅದಕ್ಕೆ ತಮ್ಮದೇ ಒಗ್ಗರಣೆ ಹಾಕಿದರು: ಅವರ ವಾಕ್ಯ ‘ದಾ’ ಎಂದು ಮುಗಿಯುತ್ತದೆ, ಕೋಳಿಗೆ ಅವರ ಮಾತು ‘ದಾಕ್’, ಎರಡನ್ನೂ ಬೆಸೆದು ‘ಗೆದ್ದೆವು, ಇವತ್ತು ರಾತ್ರಿ ಕೋಳಿ’ ಎಂಬ ಸಾಲನ್ನು ಕೊಕ್ಕೊಕ್ಕೋ ಅನ್ನುವಂತೆ ಮಾಡಿದರು. ಚೀನಾದಲ್ಲಂತೂ ಈ ಜಾತಿಯ ಆಟಕ್ಕೇ ‘ಕೋಳಿ ತಿನ್ನೋದು’ ಎಂದು ಅಡ್ಡಹೆಸರು ಬಿತ್ತು. ಆಟದ ಒಂದು ದ್ವೀಪದ ಹೆಸರು ಸಾನ್‌ಹಾಕ್. ಥಾಯ್ ಭಾಷೆಯ ‘ಸನುಕ್’ ಅಂದರೆ ಮಜಾ, ಫಿಲಿಪಿನೊ ಭಾಷೆಯ ‘ಮನೋಕ್’ ಅಂದರೆ ಕೋಳಿ, ಎರಡೂ ಕೂಡಿದ ಹೆಸರದು.

ನಮ್ಮಲ್ಲಿ ಏನಾಯಿತು? ಇಲ್ಲಿ ಮೊದಲೇ ಒಂದು ಪ್ರಶ್ನೆ ಕಾದು ಕೂತಿತ್ತು: ‘ಊಟ ಆಯ್ತಾ?’ ಲಾಬಿಗೆ ಬಂದವನನ್ನು ಮೊದಲು ಕೇಳುವುದು ಅದನ್ನೇ. ಅದಕ್ಕೆ ಉತ್ತರ: ‘ಎರಡು ಸಲ ಆಯ್ತು ಗುರು, ಮೂರನೇದಕ್ಕೆ ಬಾ.’ ಅಂದರೆ ಎರಡು ಪಂದ್ಯ ಗೆದ್ದಾಗಿದೆ. ಮನೆಯಲ್ಲಿ ಇನ್ನೂ ಅನ್ನ ಬೆಂದಿರುವುದಿಲ್ಲ.

ಈ ಹರಟೆಯಲ್ಲಿ ಊಟದ ಮಾತು ಇಷ್ಟೊಂದು ಬರುವುದಕ್ಕೆ ಕಾರಣ ಬಹಳ ಲೌಕಿಕವಾದದ್ದು ಎಂದು ನನ್ನ ಅಂದಾಜು. ಆಟದ ಹೊತ್ತೇ ಊಟದ ಹೊತ್ತು. ಕಾಲೇಜು, ಆಫೀಸು, ಹೆಬ್ಬಾಳದ ಟ್ರಾಫಿಕ್ಕು ಎಲ್ಲ ಮುಗಿದು ನಾಲ್ಕೂ ಜನ ಒಟ್ಟಿಗೆ ಸಿಗುವುದು ರಾತ್ರಿ ಎಂಟೂವರೆಯಿಂದ ಹನ್ನೊಂದರ ನಡುವೆ. ಅದೇ ಹೊತ್ತಿಗೆ ನಾಲ್ಕು ಮನೆಗಳ ಅಡುಗೆಮನೆಯೂ ಚುರುಕಾಗಿರುತ್ತದೆ. ಎರಡೂ ಕೈ ಪರದೆಗೆ ಅಂಟಿಕೊಂಡಿವೆ, ಬಾಯಿ ಖಾಲಿ ಇದೆ. ಪಂದ್ಯ ಅರ್ಧ ಗಂಟೆ ನಡೆದರೂ ಗುಂಡು ಹಾರುವುದು ಕೆಲವೇ ನಿಮಿಷ. ಉಳಿದದ್ದೆಲ್ಲ ನಡೆಯುವುದು, ಹುಡುಕುವುದು, ಪೊದೆಯಲ್ಲಿ ಮಲಗಿ ಕಾಯುವುದು. ಕಾಯುವಾಗ ಕನ್ನಡಿಗ ಸುಮ್ಮನಿದ್ದದ್ದುಂಟೇ? ಮೈಕ್ ತೆರೆದೇ ಇರುತ್ತದೆ. ಆ ಮೈಕಿನಲ್ಲಿ ಕುಕ್ಕರ್ ಕೂಗುತ್ತದೆ, ಮಿಕ್ಸಿ ಅಬ್ಬರಿಸುತ್ತದೆ, ‘ತಟ್ಟೆ ಹಾಕಿ ಎಷ್ಟು ಹೊತ್ತಾಯ್ತು’ ಎಂಬ ಅಮ್ಮನ ದನಿ ಬರುತ್ತದೆ. ಒಬ್ಬರ ಮುಖ ಇನ್ನೊಬ್ಬರು ಕಂಡಿಲ್ಲ, ಅಸಲಿ ಹೆಸರೂ ಗೊತ್ತಿರಲಿಕ್ಕಿಲ್ಲ. ಆದರೆ ಯಾರ ಮನೆಯ ಕುಕ್ಕರ್ ಎಷ್ಟನೇ ಸೀಟಿಗೆ ಇಳಿಯುತ್ತದೆ ಎಂದು ಎಲ್ಲರಿಗೂ ಗೊತ್ತು.

ನಾಲ್ವರ ಒಂದು ಸ್ಕ್ವಾಡ್ ಅಂದುಕೊಳ್ಳಿ. ಒಬ್ಬ ಯಲಹಂಕದವನೇ, ಹಳೆ ಊರಿನ ಮನೆ, ಮುದ್ದೆ ಬಸ್ಸಾರಿನ ಮನೆತನ. ಇನ್ನೊಬ್ಬ ಗದಗದ ಕಡೆಯಿಂದ ಬಂದು ಆರ್.ಟಿ. ನಗರದ ಪಿ.ಜಿ.ಯಲ್ಲಿರುವವನು. ಮೂರನೆಯವಳು ಮಂಗಳೂರಿನವಳು, ಹೆಬ್ಬಾಳದ ಹತ್ತಿರ ಗೆಳತಿಯರ ಜೊತೆ ಬಾಡಿಗೆ ಮನೆ. ನಾಲ್ಕನೆಯವನದು ಯಶವಂತಪುರ, ಅಪ್ಪನದು ಯಾರ್ಡಿನಲ್ಲಿ ಈರುಳ್ಳಿ ಮಂಡಿ. ಇಂಥ ಕೂಟ ಕಟ್ಟಲು ಯಾವ ಸಂಘ ಸಂಸ್ಥೆಯೂ ಬೇಕಾಗಿಲ್ಲ. ಯಲಹಂಕ, ಹೆಬ್ಬಾಳದ ಸುತ್ತಲಿನ ಎಂಜಿನಿಯರಿಂಗ್ ಕಾಲೇಜುಗಳು, ಟೆಕ್ ಪಾರ್ಕುಗಳು, ವಿಮಾನ ನಿಲ್ದಾಣದ ರಾತ್ರಿ ಪಾಳಿಗಳು ಮೂವತ್ತೊಂದು ಜಿಲ್ಲೆಗಳ ಮಕ್ಕಳನ್ನು ತಂದು ಒಂದೇ ಕಡೆ ಸುರಿದಿವೆ. ಅವರ ಮಾತು ಹೀಗೆ ಹರಿಯುತ್ತದೆ:

‘ಊಟ ಆಯ್ತಾ ಎಲ್ರುದೂ?’

‘ಎಲ್ಲೀ ಊಟಲೇ. ಮೆಸ್ಸಿನ್ಯಾಗ ಇವತ್ತೂ ಅನ್ನಾ ಸಾರು. ರೊಟ್ಟಿ ಮಾರಿ ನೋಡಿ ತಿಂಗಳಾತು.’

‘ನಂದಾಯ್ತು ಮಾರಾಯ. ಸಜ್ಜಿಗೆ ಮಾಡಿದ್ದೆ, ಬಜಿಲ್ ಹಾಕಿ ತಿಂದೆ.’

‘ರಾತ್ರಿ ಹೊತ್ತು ಸಜ್ಜಿಗೆನಾ? ಏನು, ರೂಮಲ್ಲಿ ಸತ್ಯನಾರಾಯಣ ಪೂಜೆನಾ?’

‘ಸಜ್ಜಕ ಅನ್ನಾಕತ್ತಾಳೇನೋ. ಗೋಧಿ ರವಾದ್ದು, ತುಪ್ಪ ಬೆಲ್ಲ ಹಾಕಿ... ಏ, ಬಾಯಾಗ ನೀರ ಬಂತಲೇ.’

‘ಎಂತ ಪೂಜೆ, ಎಂತ ಬೆಲ್ಲ! ಖಾರದ್ದು ಮಾರಾಯ. ನಿಮ್ಮ ಉಪ್ಪಿಟ್ಟು ಉಂಟಲ್ಲ, ಅದೇ.’

‘ಥೂ, ಕಾಂಕ್ರೀಟಾ!’

ಅಷ್ಟರಲ್ಲಿ ಹಿಂದಿನಿಂದ ಯಾರೋ ಬಂದು ಇಬ್ಬರನ್ನು ಕೆಡವಿರುತ್ತಾರೆ. ಉಪ್ಪಿಟ್ಟಿನಿಂದ ಸತ್ತವರು ಎಂದು ಆ ಪಂದ್ಯಕ್ಕೆ ಹೆಸರು.

ತಮಾಷೆ ಬಿಟ್ಟು ನೋಡಿದರೆ ಮೂವರೂ ಸರಿ. ಹಳೆ ಮೈಸೂರಿನ ಕಡೆ ಸಜ್ಜಿಗೆ ಅಂದರೆ ರವೆ, ಸಕ್ಕರೆ, ತುಪ್ಪದ ಸಿಹಿ, ಪೂಜೆಯ ಪ್ರಸಾದ. ಕರಾವಳಿಯಲ್ಲಿ ಅದು ಬೆಳಗಿನ ಖಾರದ ತಿಂಡಿ. ಒಗ್ಗರಣೆಯ ಅವಲಕ್ಕಿಗೆ ತುಳುವಿನ ಬಜಿಲ್ ಎಂಬ ಹೆಸರು, ಎರಡನ್ನೂ ಕಲಸಿ ತಿನ್ನುವುದು ಅಲ್ಲಿನ ವಾಡಿಕೆ. ಉತ್ತರ ಕರ್ನಾಟಕದ ಸಜ್ಜಕ ಮತ್ತೆ ಬೇರೆ, ಗೋಧಿ ರವೆ ಬೆಲ್ಲದ್ದು. ಉಪ್ಪಿಟ್ಟಿಗೆ ಕಾಂಕ್ರೀಟ್ ಎಂದು ಹೆಸರಿಟ್ಟದ್ದು ಮಾತ್ರ ಯಾವ ಸೀಮೆಯೂ ಅಲ್ಲ, ಹಾಸ್ಟೆಲ್. ಆರಿದ ಉಪ್ಪಿಟ್ಟನ್ನು ತಟ್ಟೆಯಿಂದ ಎಬ್ಬಿಸಲು ನೋಡಿದವರಿಗೆ ವಿವರಣೆ ಬೇಕಿಲ್ಲ.

ಮಂಡಿಯ ಹುಡುಗನ ಅಪ್ಪನ ಅಂಗಡಿಯಲ್ಲಿ ಈ ಜಗಳ ಇನ್ನೂ ಹಳೆಯದು. ಯಶವಂತಪುರದ ಎಪಿಎಂಸಿ ಯಾರ್ಡು ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ, ದಿನಸಿಯ ಸಗಟು ವ್ಯಾಪಾರಕ್ಕೆ ಹೆಸರಾದ ಜಾಗ. ನಾಡಿನ ಮೂಲೆಮೂಲೆಯ ಲಾರಿ, ಮಹಾರಾಷ್ಟ್ರದ ಲಾರಿ ಅಲ್ಲಿಗೆ ಬರುತ್ತವೆ. ಚೀಲದೊಳಗಿನ ಮಾಲು ಒಂದೇ. ಗದಗದವನಿಗೆ ಅದು ಉಳ್ಳಾಗಡ್ಡಿ, ಮಂಗಳೂರಿನವಳಿಗೆ ನೀರುಳ್ಳಿ, ಬೆಂಗಳೂರಿನವರಿಗೆ ಈರುಳ್ಳಿ. ಪಕ್ಕದ ಚೀಲದ ಆಲೂಗಡ್ಡೆ ಕರಾವಳಿಗೆ ಹೋದರೆ ಬಟಾಟೆ. ಕಡಲೆಕಾಯಿ ತುಂಗಭದ್ರೆ ದಾಟಿದರೆ ಶೇಂಗಾ, ಘಟ್ಟ ಇಳಿದರೆ ನೆಲಗಡಲೆ. ಬೆಂಗಳೂರಿನ ಸುತ್ತ ಬೆಳೆಯುವ, ಭೌಗೋಳಿಕ ಗುರುತು ಪಡೆದ ಗುಲಾಬಿ ಈರುಳ್ಳಿಯದು ಇನ್ನೊಂದು ಕಥೆ: ಅದನ್ನು ಹೆಚ್ಚಾಗಿ ತಿನ್ನುವವರು ಸಿಂಗಪುರ, ಮಲೇಷ್ಯಾದವರು, ನಮ್ಮೂರಿನ ಸಾಂಬಾರಿಗೆ ಅದು ಬೀಳುವುದೇ ಅಪರೂಪ. ಮಂಡಿಯ ಹುಡುಗ ಇದನ್ನು ಹೇಳಿದರೆ ಸ್ಕ್ವಾಡಿನಲ್ಲಿ ಯಾರೂ ನಂಬುವುದಿಲ್ಲ. ‘ಕಾಗೆ ಹಾರಿಸಬೇಡ’ ಅನ್ನುತ್ತಾರೆ.

ಪುರಿಯ ವಿಷಯಕ್ಕೆ ಬಂದರೆ ಆ ರಾತ್ರಿ ಆಟವೇ ನಿಲ್ಲುತ್ತದೆ. ಬೆಂಗಳೂರಿಗೆ ಅದು ಕಡ್ಲೇಪುರಿ. ದಾವಣಗೆರೆಗೆ ಮಂಡಕ್ಕಿ. ಹುಬ್ಬಳ್ಳಿ, ಧಾರವಾಡಕ್ಕೆ ಚುರುಮುರಿ. ಆದರೆ ಬೆಂಗಳೂರಿನಲ್ಲಿ ಚುರುಮುರಿ ಅಂದರೆ ಅದಕ್ಕೆ ಈರುಳ್ಳಿ, ಕ್ಯಾರೆಟ್ ತುರಿ, ನಿಂಬೆಹಣ್ಣು, ಖಾರ ಎಲ್ಲ ಬಿದ್ದು ಕಾಗದದ ಪೊಟ್ಟಣಕ್ಕೆ ಇಳಿದ ಮೇಲಿನ ಹೆಸರು. ಯಲಹಂಕದವನು ‘ಚುರುಮುರಿ ತಂದಿದ್ದೀನಿ’ ಅಂದರೆ ಗದಗದವನಿಗೆ ಅದು ಬರಿಯ ಪುರಿ. ‘ಬರೇ ಚುರುಮುರಿ ಹೆಂಗ ತಿಂತೀಯೋ, ಗಿರ್ಮಿಟ್ ಮಾಡ್ಕೋ’ ಎಂದು ಉಪದೇಶ ಮಾಡುತ್ತಾನೆ. ಗಿರ್ಮಿಟ್ ಎಂದರೇನು ಎಂದು ಮಂಗಳೂರಿನವಳು ಕೇಳುತ್ತಾಳೆ. ಉತ್ತರ ಸುಲಭವಲ್ಲ. ಹುಣಸೆಹುಳಿಯ ಗೊಜ್ಜು, ಈರುಳ್ಳಿ ಒಗ್ಗರಣೆ, ಪುಟಾಣಿ ಪುಡಿ, ಮೇಲೆ ಶೇವು, ಪಕ್ಕದಲ್ಲಿ ಮಿರ್ಚಿ. ಹೇಳುತ್ತ ಹೇಳುತ್ತ ಆ ಹುಡುಗ ಪಿ.ಜಿ.ಯ ಮಂಚದ ಮೇಲೇ ಸೊರಗಿ ಹೋಗುತ್ತಾನೆ. ಬಳ್ಳಾರಿ ಕಡೆಯವರೊಬ್ಬರು ಸೇರಿದ್ದರೆ ಇನ್ನೂ ಗೋಜಲು: ಅಲ್ಲಿ ಒಗ್ಗರಣೆ ಎಂಬುದೇ ಒಂದು ತಿಂಡಿ, ನೆನೆಸಿದ ಮಂಡಕ್ಕಿಯದು, ಮಿರ್ಚಿಯ ಜೊತೆ ತಟ್ಟೆ ತುಂಬ ಕೊಡುತ್ತಾರೆ.

ಹಿಂದೆ ಇಂಥ ಅನುಮಾನಗಳಿಗೆ ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣಕ್ಕೆ ಕಾಗದ ಬರೆಯುತ್ತಿದ್ದರು. ಜಿ. ವೆಂಕಟಸುಬ್ಬಯ್ಯನವರು ಆಕರ ನೋಡಿ ಉತ್ತರ ಕೊಡುತ್ತಿದ್ದರು. ಈಗಿನ ಸ್ಕ್ವಾಡಿಗೆ ಅಷ್ಟು ತಾಳ್ಮೆ ಇಲ್ಲ, ಯಾರ ದನಿ ಜೋರೋ ಅವರ ಅರ್ಥವೇ ಅರ್ಥ. ಆದರೂ ಕೆಲಸ ಒಂದೇ. ಕನ್ನಡಕ್ಕೆ ಊಟದ ಮಾತನ್ನು ಲೆಕ್ಕವಿಟ್ಟು ಬರೆಯುವ ಚಟ ಹಳೆಯದು: ಸಾವಿರ ವರ್ಷದ ಹಿಂದಿನ ವಡ್ಡಾರಾಧನೆಯಲ್ಲಿ ಇಡ್ಡಲಿಗೆ ಇದೆ, ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಅಡುಗೆಯ ಅಧ್ಯಾಯವೇ ಇದೆ, ಮೂರನೆಯ ಮಂಗರಸ ಷಟ್ಪದಿಯಲ್ಲಿ ಸೂಪಶಾಸ್ತ್ರ ಬರೆದ. ಕಬಾಬಿನ ಮೇಲೆ ಷಟ್ಪದಿ ಇನ್ನೂ ಬಂದಿಲ್ಲ, ಬರಬಹುದು.

ಊಟದ ಮಾತು ಊಟಕ್ಕೇ ನಿಲ್ಲುವುದೂ ಇಲ್ಲ. ಆಟದ ಒಳಗೆ ಏನೇ ನಡೆದರೂ ಅದನ್ನು ಹೇಳಲು ಕನ್ನಡ ಅಡುಗೆಮನೆಗೇ ಓಡುತ್ತದೆ. ನೀವು ಕಷ್ಟಪಟ್ಟು ಹೊಡೆದು ಬೀಳಿಸಿದ ಶತ್ರುವನ್ನು ಜೊತೆಗಾರ ಬಂದು ಕೊನೆಯ ಗುಂಡಿನಲ್ಲಿ ಮುಗಿಸಿ ಅಂಕ ತನ್ನ ಹೆಸರಿಗೆ ಬರೆಸಿಕೊಂಡರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವನೇ ಆ ಶತ್ರುವಿನ ಪೆಟ್ಟಿಗೆಯನ್ನೂ ಬಾಚಿಕೊಂಡು ಹೊರಟರೆ ಉಂಡೂ ಹೋದ, ಕೊಂಡೂ ಹೋದ. ಒಳ್ಳೆ ಬಂದೂಕು ಇದ್ದೂ ಎದುರಾಳಿಯನ್ನು ಅಲ್ಲಾಡಿಸಲಾಗದಿದ್ದರೆ ‘ನಿನ್ನ ಬೇಳೆ ಅವನತ್ರ ಬೇಯಲ್ಲ ಬಿಡು.’ ಎಷ್ಟು ಕೂಗಿದರೂ ಎಬ್ಬಿಸಲು ಬಾರದವನು ಸೊಪ್ಪು ಹಾಕದವನು. ಗ್ರೆನೇಡಿಗೆ ನಾಲ್ವರೂ ಒಟ್ಟಿಗೆ ಹೋದರೆ ಚಿಂದಿ ಚಿತ್ರಾನ್ನ. ಮೊದಲು ಸತ್ತು, ಉಳಿದವರ ಆಟ ನೋಡುತ್ತ ‘ಎಡಕ್ಕೆ ಹೋಗು, ಬಗ್ಗು, ಹೊಡಿ’ ಎಂದು ಬೋಧನೆ ಕೊಡುವವನು ಒಗ್ಗರಣೆ ಹಾಕೋನು. ಅವನ ಬಾಯಿ ಮುಚ್ಚಿಸಲು ಒಂದೇ ಮಾತಿದೆ: ‘ನಿನ್ನ ತಿಥಿ ವಡೆ ತಿಂತಾ ಇದ್ದೀವಿ, ಸುಮ್ನಿರು.’

ಇದರಲ್ಲಿ ‘ತಿನ್ನು’ ಎಂಬ ಕ್ರಿಯಾಪದ ಹೊರುವ ಹೊರೆಯಂತೂ ಕೇಳಲೇಬೇಡಿ. ಏಟು ತಿನ್ನುತ್ತಾರೆ, ಬೈಗುಳ ತಿನ್ನುತ್ತಾರೆ, ತಲೆ ತಿನ್ನುತ್ತಾರೆ, ಈಗ ಬುಲೆಟ್ಟನ್ನೂ ತಿನ್ನುತ್ತಾರೆ. ಆಟವೇ ಡೇಟಾ ತಿನ್ನುತ್ತದೆ, ಬ್ಯಾಟರಿ ತಿನ್ನುತ್ತದೆ. ಆಟದಲ್ಲಿ ಬಾಣಲೆ ಒಂದು ಆಯುಧ. ಬೆನ್ನಿಗೆ ನೇತುಹಾಕಿಕೊಂಡರೆ ಹಿಂದಿನಿಂದ ಬಂದ ಗುಂಡು ಠಣ್ಣೆಂದು ಬಡಿದು ಬೀಳುತ್ತದೆ, ಇನ್ಯಾವ ಕವಚಕ್ಕೂ ಆ ತಾಕತ್ತಿಲ್ಲ. ಅದನ್ನು ಕಾವಲಿ ಅನ್ನಬೇಕೋ ಹೆಂಚು ಅನ್ನಬೇಕೋ ತವಾ ಅನ್ನಬೇಕೋ ಎಂಬುದು ಮತ್ತೊಂದು ರಾತ್ರಿಯ ಜಗಳ. ಅದರಿಂದ ಪೆಟ್ಟು ತಿಂದವನಿಗೆ ‘ದೋಸೆ ಹುಯ್ದರು’ ಎಂಬಲ್ಲಿ ಮಾತ್ರ ಒಮ್ಮತ.

ಇಂಗ್ಲಿಷು, ಹಿಂದಿ ಬೆರೆತ ಈ ಕನ್ನಡ ಕೇಳಿ ಬೇಸರಪಡುವವರು ಇದ್ದಾರೆ. ನಾಕ್, ರಿವೈವ್, ರಶ್, ಡ್ರಾಪ್ ಇಲ್ಲದೆ ಆಟ ನಡೆಯುವುದಿಲ್ಲ. ಗುರುತಿಲ್ಲದ ಜೊತೆಗಾರ ಬಂದರೆ ‘ಭಾಯ್’ ಶುರುವಾಗುತ್ತದೆ. ನನಗೆ ಅದರ ಚಿಂತೆ ಅಷ್ಟಿಲ್ಲ. ಕೈಲಾಸಂ ನೂರು ವರ್ಷದ ಹಿಂದೆಯೇ ಇದೇ ಬೆಂಗಳೂರಿನ ಬೆರಕೆ ಮಾತನ್ನು ರಂಗದ ಮೇಲೆ ತಂದು ಜನರನ್ನು ನಗಿಸಿದರು, ಕನ್ನಡ ಅದರಿಂದ ಸೊರಗಲಿಲ್ಲ. ಗಮನಿಸಬೇಕಾದ್ದು ಬೇರೆ: ಆಟದ ಯಂತ್ರಕ್ಕೆ ಸಂಬಂಧಪಟ್ಟದ್ದೆಲ್ಲ ಇಂಗ್ಲಿಷಿನಲ್ಲಿದೆ, ಗೆಲುವು, ಸೋಲು, ಮೋಸ, ಹೊಟ್ಟೆಕಿಚ್ಚು ಎಲ್ಲ ಕನ್ನಡದಲ್ಲಿದೆ. ಬಂದೂಕಿನ ಹೆಸರು ಅವರದು, ಬೈಗುಳ ನಮ್ಮದು.

ಇಷ್ಟೆಲ್ಲ ಮಾತಾಡಿ ಕೊನೆಗೆ ಏನು ತಿಳಿಯಿತು ಎಂದು ಕೇಳಿದರೆ, ಹೆಚ್ಚೇನಿಲ್ಲ. ಪೋಲೆಂಡ್ ಮೂಲದ ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ 1923ರಲ್ಲೇ ಇದರ ಬಗ್ಗೆ ಬರೆದಿದ್ದ. ಮನುಷ್ಯರು ಆಡುವ ಮಾತಿನಲ್ಲಿ ಒಂದು ದೊಡ್ಡ ಪಾಲು ಸುದ್ದಿ ಮುಟ್ಟಿಸಲು ಹುಟ್ಟಿದ್ದಲ್ಲ, ಜೊತೆಗಿದ್ದೇವೆ ಎಂದು ತೋರಿಸಲು ಹುಟ್ಟಿದ್ದು ಎಂಬುದು ಅವನ ವಾದ. ‘ಊಟ ಆಯ್ತಾ’ ಆ ಜಾತಿಯದು. ಕೇಳಿದವನು ಬಡಿಸುವುದಿಲ್ಲ, ಕೇಳಿಸಿಕೊಂಡವನು ಹಸಿದಿದ್ದರೂ ‘ಆಯ್ತು’ ಅನ್ನುತ್ತಾನೆ. ಕೊರಿಯಾದಲ್ಲೂ ಚೀನಾದಲ್ಲೂ ಜನ ಎದುರಾದರೆ ಇದನ್ನೇ ಕೇಳುವ ರೂಢಿ ಇದೆ. ಈ ಆಟವನ್ನು ನಡೆಸುವ ಕ್ರಾಫ್ಟಾನ್ ಕೊರಿಯಾದ ಕಂಪನಿ, ಭಾರತದ ಕಚೇರಿ ಇಟ್ಟಿರುವುದು ಬೆಂಗಳೂರಿನಲ್ಲಿ. ಊಟ ಕೇಳಿ ಮಾತು ಶುರುಮಾಡುವ ಎರಡು ನಾಡು ಹೀಗೆ ಗಂಟುಬಿದ್ದವು.

ಆದರೆ ಸ್ಕ್ವಾಡಿನ ‘ಊಟ ಆಯ್ತಾ’ ಬರಿಯ ಶಿಷ್ಟಾಚಾರಕ್ಕೆ ನಿಲ್ಲುವುದಿಲ್ಲ. ಕುಕ್ಕರ್ ಕೂಗಿದ್ದನ್ನು ಕೇಳಿದವನಿಗೆ ಸುಳ್ಳು ಹೇಳಲಾಗದು. ಪಿ.ಜಿ.ಯವನು ಮೂರು ದಿನ ಒಂದೇ ಸಮನೆ ಬಿಸ್ಕತ್ತು ಮುರಿಯುವ ಸದ್ದು ಬಂದರೆ ಮೆಸ್ಸಿನ ಬಾಕಿ ಕಟ್ಟಿಲ್ಲ ಎಂದು ಉಳಿದವರು ಊಹಿಸುತ್ತಾರೆ. ಅಮ್ಮನ ದನಿ ಬಾರದೆ ಅಪ್ಪನೇ ‘ಊಟಕ್ಕೆ ಬಾರೋ’ ಎಂದು ಕರೆದರೆ ಮನೆಯಲ್ಲಿ ಯಾರೋ ಆಸ್ಪತ್ರೆಯಲ್ಲಿದ್ದಾರೆ ಎಂದರ್ಥವಿರಬಹುದು. ಮಂಡಿಯವನು ಬೇಗ ಮಲಗಲು ಹೋದರೆ ನಾಳೆ ಲೋಡು ಜಾಸ್ತಿ. ಯಾರೂ ಕೇಳಿರುವುದಿಲ್ಲ, ಯಾರೂ ಹೇಳಿರುವುದೂ ಇಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರ ಪುಸ್ತಕದಲ್ಲಿ ‘ಮೂರನೆಯ ಜಾಗ’ದ ಮಾತು ಎತ್ತಿದ. ಮನೆ ಒಂದು, ಕೆಲಸದ ಜಾಗ ಇನ್ನೊಂದು, ಇವೆರಡೂ ಅಲ್ಲದೆ ಜನ ಹರಟೆಗೆ ಸೇರುವ ಜಾಗ ಮೂರನೆಯದು: ಹೋಟೆಲು, ಕ್ಷೌರದಂಗಡಿ, ನಮ್ಮಲ್ಲಾದರೆ ಅರಳಿಕಟ್ಟೆ. 2006ರಲ್ಲಿ ಕಾನ್‌ಸ್ಟನ್ಸ್ ಸ್ಟೈನ್‌ಕ್ಯೂಲರ್ ಮತ್ತು ಡಿಮಿಟ್ರಿ ವಿಲಿಯಮ್ಸ್ ಎಂಬ ಸಂಶೋಧಕರು ಆನ್‌ಲೈನ್ ಆಟಗಳೂ ಅಂಥ ಜಾಗಗಳೇ ಎಂದು ವಾದಿಸಿದರು. ಬೆಂಗಳೂರಿನ ಮಟ್ಟಿಗೆ ಇದಕ್ಕೆ ನನ್ನದೊಂದು ತರಲೆ ಟಿಪ್ಪಣಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಗಿ, ನಿಂತೇ ತಿನ್ನುವ ಹೋಟೆಲು ಬೀದಿಬೀದಿಗೂ ಬಂತು. ಇಡ್ಲಿ ಅಗ್ಗವಾಯಿತು, ಚೊಕ್ಕವಾಯಿತು, ಬೇಗ ಸಿಕ್ಕಿತು. ಕುರ್ಚಿ ಹೋಯಿತು. ಒಂದು ಬೈಟು ಕಾಫಿಗೆ ಒಂದು ಗಂಟೆ ಕೂತು ಊರಿನ ಸುದ್ದಿ ಅಳೆಯುವ ಸೌಲಭ್ಯ ಅದರ ಜೊತೆ ಹೋಯಿತು. ಮಧ್ಯೆ ಸೈಬರ್ ಕೆಫೆಗಳು ಬಂದವು. ಗಂಟೆಗಿಷ್ಟು ಎಂದು ಕೊಟ್ಟು ಕೌಂಟರ್ ಸ್ಟ್ರೈಕ್ ಆಡುತ್ತಿದ್ದ ಹುಡುಗರು ಸತ್ತು ಕೂತಾಗ ಪಕ್ಕದವನ ಬೆನ್ನು ತಟ್ಟಿ ಪಫ್ ಹಂಚಿಕೊಳ್ಳುತ್ತಿದ್ದರು. ಆಮೇಲೆ 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು, ಕೆಫೆಗಳಿಗೆ ಬೀಗ ಬಿತ್ತು. ಕುರ್ಚಿ ಈಗ ಅವರವರ ಮನೆಯಲ್ಲೇ ಇದೆ.

ಆಟಕ್ಕಿಂತ ಮಾತೇ ಗಟ್ಟಿ ಎನ್ನಲು ಸಾಕ್ಷಿ ಆಟ ನಿಂತುಹೋದ ದಿನಗಳು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು, ಪಬ್‌ಜಿ ಅದರಲ್ಲೊಂದು. ಲಾಕ್‌ಡೌನ್ ಆಗಷ್ಟೇ ಸಡಿಲಗೊಳ್ಳುತ್ತಿದ್ದ ಕಾಲ ಅದು. 2021ರ ಜುಲೈ 2ರಂದು ಅದೇ ಆಟ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಬಂತು. 2022ರ ಜುಲೈ 28ರಂದು ಮತ್ತೆ ಆ್ಯಪ್ ಅಂಗಡಿಯಿಂದ ಮಾಯವಾಯಿತು. 2023ರ ಮೇ ಕೊನೆಗೆ ಮರಳಿದಾಗ ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆ ಎಂಬ ಮಿತಿಯೂ ಜೊತೆಗೆ ಬಂತು. ಆಟ ಇಲ್ಲದ ಆ ತಿಂಗಳುಗಳಲ್ಲಿ ಸ್ಕ್ವಾಡಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮುದ್ದೆಯ ಫೋಟೊ, ಹಿತಕಿದ ಅವರೆಯ ಫೋಟೊ, ಮೆಸ್ಸಿನ ನೀರುಸಾರಿನ ಫೋಟೊ ಬೀಳುತ್ತಲೇ ಇತ್ತು. ದುಡ್ಡು ಕಟ್ಟಿ ಆಡುವ ಆಟಗಳ ಸಂಗತಿ ಬೇರೆ. ಅವನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆ ಮಾಡಿ ನಿಷೇಧಿಸಿದೆ, ಅಲ್ಲಿ ಮನೆ ಕಳೆದುಕೊಂಡವರ ಕಥೆಗೆ ನಗುವ ಜಾಗವಿಲ್ಲ. ಈ ಲೇಖನದ ಸ್ಕ್ವಾಡಿನಲ್ಲಿ ಪಣಕ್ಕಿಡುವುದು ಹೆಚ್ಚೆಂದರೆ ಒಂದು ಪ್ಲೇಟ್ ಗೋಬಿ ಮಂಚೂರಿ.

ಅವರೆಕಾಯಿ ಎಂದ ಮೇಲೆ ನೆನಪಾಯಿತು. ಡಿಸೆಂಬರ್, ಜನವರಿಯಲ್ಲಿ ಈ ಹರಟೆಯ ದಿಕ್ಕೇ ಬದಲಾಗುತ್ತದೆ. ಯಲಹಂಕದವನ ಮನೆಯಲ್ಲಿ ಕಾಯಿ ಬಿಡಿಸುವ ಕೆಲಸ, ನೆನೆಸಿ ಸಿಪ್ಪೆ ಹಿತುಕುವ ಕೆಲಸ ಎಲ್ಲರ ತಲೆಗೂ ಬೀಳುತ್ತದೆ. ಕೈಗೆ ಸೊಗಡು ಅಂಟಿಕೊಂಡಿರುವಾಗ ಫೋನ್ ಮುಟ್ಟುವ ಹಾಗಿಲ್ಲ. ‘ಇವತ್ತು ಬರಲ್ಲ, ಅವರೆಕಾಯಿ’ ಎಂಬ ರಜಾ ಅರ್ಜಿ ಬರುತ್ತದೆ. ಉಳಿದ ಮೂವರು ಅದನ್ನು ಒಪ್ಪಿಕೊಳ್ಳುತ್ತಾರೆ. ಜ್ವರ ಬಂದಿದೆ ಎಂದರೆ ಒಪ್ಪುವುದಿಲ್ಲ. ಹಿತಕಬೇಳೆ ಸಾರಿನ ಪಾಲು ಆರ್.ಟಿ. ನಗರದ ಪಿ.ಜಿ.ಗೆ ಡಬ್ಬಿಯಲ್ಲಿ ತಲುಪಿ, ಮುಖ ನೋಡದ ಗೆಳೆತನ ಗೇಟಿನ ಹತ್ತಿರ ಮೊದಲ ಸಲ ಮುಖ ನೋಡುವುದೂ ಇಂಥ ಹೊತ್ತಿನಲ್ಲೇ. ಮೈಕಿನಲ್ಲಿ ಗುಡುಗುತ್ತಿದ್ದವನು ಎದುರಿಗೆ ಪೀಚಲಾಗಿರುತ್ತಾನೆ. ‘ನೀನೇನಾ ಲೇ?’ ಎಂಬಷ್ಟಕ್ಕೆ ಮಾತು ಮುಗಿದು, ಇಬ್ಬರಿಗೂ ನಾಚಿಕೆಯಾಗಿ, ರಾತ್ರಿ ಮತ್ತೆ ಮೈಕಿನಲ್ಲಿ ನಿರಾಳವಾಗಿ ಹರಟುತ್ತಾರೆ.

ಈಚೆಗೆ ಈ ವ್ಯವಸ್ಥೆಗೆ ಒಂದು ಕಂಟಕ ಬಂದಿದೆ. ಮೈಕಿನಲ್ಲಿ ಬರುವ ಬೇರೆ ಸದ್ದನ್ನೆಲ್ಲ ಅಳಿಸಿ ಮನುಷ್ಯನ ದನಿಯನ್ನಷ್ಟೇ ಬಿಡುವ ತಂತ್ರಾಂಶಗಳು. ಆಟಗಾರರು ಹರಟೆಗೆ ಬಳಸುವ ಡಿಸ್ಕಾರ್ಡ್ 2020ರಲ್ಲೇ ‘ಕ್ರಿಸ್ಪ್’ ಎಂಬ ಕಂಪನಿಯ ತಂತ್ರವನ್ನು ಸೇರಿಸಿಕೊಂಡಿತು. ಸಾವಿರಾರು ಬಗೆಯ ಸದ್ದುಗಳನ್ನು ಕೇಳಿಸಿ ಪಳಗಿಸಿದ ಲೆಕ್ಕ ಅದು. ಯಾವುದು ಮಾತು, ಯಾವುದು ಗದ್ದಲ ಎಂದು ಅದೇ ತೀರ್ಮಾನಿಸುತ್ತದೆ. ಫ್ಯಾನು, ಕೀಬೋರ್ಡು, ರಸ್ತೆಯ ಹಾರ್ನು ಹೋದರೆ ಯಾರಿಗೂ ನಷ್ಟವಿಲ್ಲ. ಅವುಗಳ ಜೊತೆ ಕುಕ್ಕರಿನ ಸೀಟಿಯೂ ಒಗ್ಗರಣೆಯ ಚಟಪಟವೂ ಗದ್ದಲದ ಲೆಕ್ಕಕ್ಕೇ ಹೋಗುತ್ತವೆ. ಶತ್ರುವಿನ ಹೆಜ್ಜೆ ಸದ್ದು ಚೆನ್ನಾಗಿ ಕೇಳುತ್ತದೆ ಎಂದು ಗದಗದವನು ಎಲ್ಲರಿಂದಲೂ ಅದನ್ನು ಆನ್ ಮಾಡಿಸಿದ್ದಾನೆ. ಈಗ ಅವರು ಜಾಸ್ತಿ ಗೆಲ್ಲುತ್ತಾರೆ, ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದನ್ನು ಮಾತ್ರ ಬಾಯಿಬಿಟ್ಟು ಕೇಳಬೇಕಾಗಿದೆ.